ಬಿಂಡಿಗನವಿಲೆಯ ಗೌರಿಗೆಡ್ಡೆ

ನಮ್ಮ ಮನೆಗೆ ಬಂದವರು ಕಾಫಿ ಕುಡಿದು, ಹಿತ್ತಿಲ ಬಾಗಿಲಲ್ಲಿ ನಿಂತು, ತುಸು ಸಂಕೋಚದಿಂದ ಕೇಳುವ ಪ್ರಶ್ನೆಯೊಂದಿದೆ: "ಸಾರ್, ಕಳೆ ತೆಗೆಸೋಕೆ ಆಳು ಸಿಕ್ತಾ ಇಲ್ವಾ?" ಒಬ್ಬರಂತೂ ಪಂಚೆ ಎತ್ತಿ ಕಟ್ಟಿ ಕುಡುಗೋಲು ಕೊಡಿ ಎಂದೇ ಬಿಟ್ಟರು. ಅವರನ್ನು ತಡೆಯುವಷ್ಟರಲ್ಲಿ ಸಾಕುಸಾಕಾಯಿತು. ಅವರ ಕಣ್ಣಿಗೆ ಕಳೆಯಾಗಿ ಕಂಡದ್ದು ನನ್ನ ಹೆಂಡತಿ ಸಾವಿತ್ರಿ ವರ್ಷಗಟ್ಟಲೆ ಆರಿಸಿ ಆರಿಸಿ ತಂದು ನೆಟ್ಟ ತೋಟ. ಆ ತೋಟದಲ್ಲಿ ಇದುವರೆಗೆ ಒಂದೇ ಒಂದು ಗಿಡ ಸತ್ತಿದೆ. ಅದನ್ನು ಕೊಂದವನು ನಾನು, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರು.

ನಿವೃತ್ತನಾದ ಮೇಲೆ ಗಂಜಾಂನಲ್ಲಿ ಮನೆ ಕಟ್ಟಿದಾಗ ಹಿತ್ತಿಲಿಗೆ ಕ್ರೋಟನ್ನು, ಗುಲಾಬಿ, ಒಂದಿಷ್ಟು ಹುಲ್ಲುಹಾಸು ಎಂದು ನಾನು ಲೆಕ್ಕ ಹಾಕಿದ್ದೆ. ಸಾವಿತ್ರಿ ಬೇಡವೆಂದು ಕೈಯಾಡಿಸಿಬಿಟ್ಟಳು. "ದುಡ್ಡು ಕೊಟ್ಟು ತರೋ ಗಿಡ ಯಾವ್ದೂ ಬ್ಯಾಡ ಕಣ್ರೀ. ಈ ಸೀಮೇಲಿ ತಾವಾಗೇ ಬರೋವು ಬೇಕಾದಷ್ಟವೆ. ಒಂದ್ಸಲ ನೆಟ್ರೆ ಆಯ್ತು, ಬ್ಯಾಸಗೇಲಿ ಒಣಗೋದ್ರೂ ಮಳೆ ಬಿದ್ದಾಗ ತಾವೇ ಎದ್ದು ಬರ್ಬೇಕು, ಅಂತಾವ್ನೇ ತರ್ತೀನಿ" ಎಂದಳು.

ಅವಳು ಗಿಡ ಆರಿಸುವುದೆಂದರೆ ಮಗಳಿಗೆ ಗಂಡು ನೋಡಿದ ಹಾಗೆಯೇ. ಎಲ್ಲಿಯದು, ಯಾವ ಮಣ್ಣಿನದು, ಬಿಸಿಲೋ ನೆರಳೋ, ಅಕ್ಕಪಕ್ಕ ಯಾವ ಗಿಡವಿತ್ತು, ಎಲ್ಲ ವಿಚಾರಿಸದೆ ಗುದ್ದಲಿ ಮುಟ್ಟುವವಳಲ್ಲ. ತವರೂರು ಬಿಂಡಿಗನವಿಲೆಯಲ್ಲಿ ಕುರಿ ಮೇಯುವ ಬಯಲಿನಿಂದ ವಿಷ್ಣುಕ್ರಾಂತಿ ಬಂತು. ನೀಲಿ ಹೂವು, ಶರ್ಟಿನ ಗುಂಡಿಗಿಂತ ಚಿಕ್ಕದು. ಅದನ್ನು ನೋಡಬೇಕಾದರೆ ದೊಡ್ಡವರೂ ಕುಕ್ಕರುಗಾಲಲ್ಲಿ ಕೂರಬೇಕು. ಕೆ.ಆರ್. ಪೇಟೆ ಕಡೆಯ ಒಂದು ಹಾಳುಬಾವಿಯ ಮೆಟ್ಟಿಲ ಸಂದಿಯಿಂದ ಜರೀಗಿಡ ಬಂತು. ಹತ್ತು ಬುಡ ಇದ್ದರೂ ಅವಳು ಕಿತ್ತದ್ದು ಒಂದನ್ನೇ. ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ. ಎಲೆಯ ಬೆನ್ನಿಗೆ ಅಂಟಿದ ಕಂದು ಪುಡಿಯಿಂದಲೇ ಆ ಗಿಡದ ವಂಶ ಬೆಳೆಯುತ್ತದೆ. ಇದನ್ನು ನಾನು ಎಷ್ಟು ತರಗತಿಗಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದೆನೋ! ಎಲೆ ಮಗುಚಿ ನಿಜವಾಗಿ ನೋಡಿದ್ದು ಮಾತ್ರ ನಮ್ಮ ಬಚ್ಚಲಿನ ಗೋಡೆಯ ಪಕ್ಕದಲ್ಲಿ, ಅರವತ್ತು ತುಂಬಿದ ಮೇಲೆ.

ಜೇಕಿನದ್ದೇ ಒಂದು ಕಥೆ. ಹುಲ್ಲಿನಂತೆ ಕಾಣುವ ಆ ಗದ್ದೆಯ ಕಳೆಯನ್ನು ಹೊಳೆಯಂಚಿನಿಂದ ತಂದು ಅವಳು ಬಟ್ಟೆ ಒಗೆದ ನೀರು ಹರಿಯುವ ಕಡೆ ನೆಟ್ಟಿದ್ದಳು. ಹುಲ್ಲಿನ ಕಡ್ಡಿ ದುಂಡಗಿದ್ದರೆ ಜೇಕಿನದು ಮೂರು ಮೂಲೆ. ಬೆರಳಲ್ಲಿ ಹೊರಳಿಸಿದರೆ ತಿಳಿಯುತ್ತದೆ, ನೀವೂ ನೋಡಿ. ಕ್ಯಾತನಹಳ್ಳಿಯಲ್ಲಿ ಕಬ್ಬು ಬೆಳೆಯುವ ನಮ್ಮಣ್ಣ ಬಂದವನು ಅದನ್ನು ಕಂಡು ಹೌಹಾರಿಬಿಟ್ಟ. "ನಿನ್ ಮನೆ ಆಳಾಗ! ಜೇಕ್ ನೆಟ್ಟಿದ್ದೀಯಲ್ಲಲಾ! ಅಪ್ಪ ಇದುನ್ನ ಕಿತ್ತೂ ಕಿತ್ತೂ ಸೊಂಟ ಬಿದ್ದೋಗಿತ್ತು ಕಣ್ಲಾ, ನೀನು ತಂದು ಸಾಕ್ತಾ ಇದ್ದೀಯಾ?" ಸಾವಿತ್ರಿ ಒಳಗಿನಿಂದಲೇ "ಗದ್ದೇಲಿ ಬ್ಯಾಡ ಅಂದ್ರೆ ಇಲ್ಲೂ ಬ್ಯಾಡ್ವಾ ಭಾವ?" ಎಂದಳು. ಅಣ್ಣ ತಲೆ ಚಚ್ಚಿಕೊಂಡು ಊಟಕ್ಕೆ ಕೂತ.

ಇನ್ನು ಗೌರಿ ಹೂವು. ಬೇಲಿಗೆ ಹಬ್ಬಿ, ಗೌರಿ ಹಬ್ಬದ ಹೊತ್ತಿಗೆ ಸರಿಯಾಗಿ ಕೆಂಪು ಹಳದಿಯಾಗಿ ಉರಿಯುವ ಹೂವು. ಸಂಸ್ಕೃತದಲ್ಲಿ ಅದಕ್ಕೆ ಲಾಂಗಲಿ ಎಂದು ಹೆಸರು, ಏಕೆಂದರೆ ನೆಲದೊಳಗಿನ ಗೆಡ್ಡೆ ನೇಗಿಲಿನಂತೆ ಬಾಗಿರುತ್ತದೆ. ವಿಷದ ಗೆಡ್ಡೆ, ಮುಟ್ಟಿದರೆ ಕೈ ತೊಳೆಯಬೇಕು. ನಮಗೆ ಅದನ್ನು ತಂದುಕೊಟ್ಟವನು ಸಾವಿತ್ರಿಯ ತಮ್ಮ ರಾಮಣ್ಣ. ಪ್ರತಿ ವರ್ಷ ಗೌರಿ ಹಬ್ಬಕ್ಕೆ ತವರಿನ ಬಾಗಿನ ಹಿಡಿದು ಬರುವವನು, ಆ ಸಲ ಹಬ್ಬಕ್ಕೆ ಇನ್ನೂ ಐದು ತಿಂಗಳಿರುವಾಗಲೇ ನಾಗಮಂಗಲದ ಬಸ್ಸಿಳಿದು, ಗೋಣಿಚೀಲದ ಚೂರಿನಲ್ಲಿ ಸುತ್ತಿದ್ದ ಗೆಡ್ಡೆಯನ್ನು ಅಕ್ಕನ ಕೈಗಿಟ್ಟ.

"ಅವ್ವನ್ ತಲೆ ತಾವ ಇತ್ತಲ್ಲಕ್ಕ, ಆ ಗೌರಿ ಗೆಡ್ಡೆ. ರಸ್ತೆ ಅಗಲ ಮಾಡೋಕೆ ನಾಳೆ ಜೇಸೀಬಿ ಬತ್ತದೆ. ಅವ್ವನ್ ಕಲ್ಲೂ ಓಯ್ತದೆ. ಇದೊಂದೇ ಕೈಗೆ ಸಿಕ್ಕಿದ್ದು" ಎಂದ.

ನಮ್ಮತ್ತೆಯನ್ನು ಮಣ್ಣು ಮಾಡಿದ್ದು ಅವರ ಹೊಲದ ಮೂಲೆಯಲ್ಲಿ, ಆ ಬೇಲಿಯ ಬುಡದಲ್ಲೇ. ಈಗ ಅಲ್ಲಿ ಡಾಂಬರು. ಸಾವಿತ್ರಿಗೆ ತಾಯಿಯ ಗುರುತು ಎಂದು ಉಳಿದದ್ದು ಆ ಒಂದು ಗೆಡ್ಡೆ. ಅದನ್ನು ಅವಳು ತುಳಸಿಕಟ್ಟೆಯ ಪಕ್ಕ ನೆಟ್ಟಳು. ಆ ವರ್ಷದ ಹಬ್ಬಕ್ಕೆ ನಾಲ್ಕೇ ಹೂವು ಬಿಟ್ಟಿತು. ಅವುಗಳ ಎದುರು ಕೂತು ಅವಳು ಅತ್ತಳು. ನಾನು ಪೇಪರ್ ಓದುತ್ತಿರುವವನಂತೆ ನಟಿಸಿದೆ.

ಮಳೆಗಾಲ ಮುಗಿದು ಬಳ್ಳಿ ಹಳದಿಗೆ ತಿರುಗಿತು. ಅದೇ ಹೊತ್ತಿಗೆ ಕೆ.ಆರ್. ಪೇಟೆಯಲ್ಲಿರುವ ನಮ್ಮ ಮಗಳು ಬಿದ್ದು ಕಾಲು ಮುರಿದುಕೊಂಡಳು. ಅವಳನ್ನು ನೋಡಿಕೊಳ್ಳಲು ಸಾವಿತ್ರಿ ಎರಡು ತಿಂಗಳು ಹೋಗಬೇಕಾಯಿತು. ಹೊರಡುವಾಗ "ಗೌರಿ ಗಿಡದ ತಂಟೆಗೆ ಮಾತ್ರ ಓಗ್ಬ್ಯಾಡಿ, ಅದು ಮಲಗೋ ಕಾಲ" ಎಂದಿದ್ದಳು. ನಾನು ಹೂಂ ಎಂದೆ.

ಆದರೆ ನೋಡಿ, ನಾನು ನಾಲೆಯ ಊರಿನವನು. ನಾಲೆಗೆ ನೀರು ಬಿಟ್ಟರೆಂದರೆ ಊಟದ ತಟ್ಟೆ ಬಿಟ್ಟು ಗದ್ದೆಗೆ ಓಡುವ ಮಂದಿ ನಮ್ಮವರು. ಒಣಗಿದ್ದೇನಾದರೂ ಕಣ್ಣಿಗೆ ಬಿದ್ದರೆ ನಮ್ಮ ಕೈ ಸುಮ್ಮನಿರುವುದಿಲ್ಲ. ಬಳ್ಳಿ ಒಣಗುತ್ತಾ ಬಂತು. ಹೆಂಡತಿಯ ತಾಯಿಯ ಗಿಡ, ನನ್ನ ಸುಪರ್ದಿಯಲ್ಲಿದ್ದಾಗ ಹೋದರೆ ಏನು ಗತಿ? ಬೆಳಿಗ್ಗೆ ಒಂದು ಬಿಂದಿಗೆ ನೀರು, ಸಂಜೆ ಒಂದು ಬಿಂದಿಗೆ. ಅದು ಇನ್ನಷ್ಟು ಒಣಗಿತು. ನಾನು ಬಿಡದೆ ಹೊಯ್ದೆ. ಒಣನೆಲದ ಗೆಡ್ಡೆ ಮಳೆಗಾಲ ಕಳೆದ ಮೇಲೆ ಒಣಮಣ್ಣಿನಲ್ಲೇ ನಿದ್ದೆ ಮಾಡಬೇಕು, ಆಗ ನೀರು ನಿಂತರೆ ಕೊಳೆಯುತ್ತದೆ ಎನ್ನುವುದು ಪುಸ್ತಕದಲ್ಲಿತ್ತು. ಪಾಠವನ್ನೂ ನಾನೇ ಮಾಡಿದ್ದೆ. ಪ್ರೀತಿಯ ಭರದಲ್ಲಿ ಪಾಠ ನೆನಪಾಗಲಿಲ್ಲ.

ಮುಂಗಾರು ಬಂತು. ಜರೀಗಿಡ ಸುರುಳಿ ಬಿಚ್ಚಿತು, ವಿಷ್ಣುಕ್ರಾಂತಿ ಕಣ್ಣು ತೆರೆಯಿತು, ಜೇಕಂತೂ ಕೇಳಲೇಬೇಡಿ. ತುಳಸಿಕಟ್ಟೆಯ ಪಕ್ಕ ಮಾತ್ರ ಏನೂ ಇಲ್ಲ. ಸಾವಿತ್ರಿ ದಿನಾ ಹಲ್ಲುಜ್ಜುವ ಮೊದಲೇ ಹೋಗಿ ಬಗ್ಗಿ ನೋಡಿ ಬರುತ್ತಿದ್ದಳು. "ಇನ್ನೊಂದು ಮಳೆ ಬೀಳ್ಲಿ" ಎನ್ನುತ್ತಿದ್ದಳು. ಒಂದು ದಿನ ಅವಳು ನಿಮಿಷಾಂಬ ದೇವಸ್ಥಾನಕ್ಕೆ ಹೋದಾಗ ನಾನು ಮಣ್ಣು ಕೆದಕಿದೆ. ಗೆಡ್ಡೆ ಬೆರಳಿಗೆ ಮೆತ್ತಗೆ ಸಿಕ್ಕಿ, ನಾರುತ್ತಾ ಕರಗಿಹೋಯಿತು. ಯಾರಿಗೆ ಹೇಳಲಿ?

ಈಗ ನನ್ನ ಎರಡನೆಯ ತಪ್ಪನ್ನೂ ಹೇಳಿಬಿಡುತ್ತೇನೆ. ಪಾಂಡವಪುರದ ಗುಡ್ಡದ ಬುಡದಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಹೊಲವಿದೆ. ಅವರ ಬೇಲಿಯಲ್ಲಿ ಗೌರಿ ಆಗಷ್ಟೇ ಮೊಳೆತಿತ್ತು. ಅವರನ್ನು ಕೇಳಿ ಒಂದು ಗೆಡ್ಡೆ ಕಿತ್ತು ತಂದೆ. ಅದೇ ಜಾಗದಲ್ಲಿ ಇಟ್ಟುಬಿಟ್ಟರೆ ಇವಳಿಗೆ ತಿಳಿಯುವುದಾದರೂ ಹೇಗೆ? ಹಬ್ಬಕ್ಕೆ ಹೂವು ಬಿಡುತ್ತದೆ, ಇವಳು ಅದರ ಎದುರು ಕೂರುತ್ತಾಳೆ, ನಾನು ಪೇಪರ್ ಹಿಡಿದುಕೊಳ್ಳುತ್ತೇನೆ. ಗುಂಡಿ ತೋಡಿಯೂ ಆಯಿತು. ಆಗ ಅನ್ನಿಸಿತು: ಇವಳು ಪ್ರತಿ ವರ್ಷ ಯಾರದೋ ಬೇಲಿಯ ಹೂವಿಗೆ "ಅವ್ವ" ಎನ್ನುವುದನ್ನು ನಾನು ಸಾಯುವವರೆಗೂ ಕೇಳಿಸಿಕೊಳ್ಳಬೇಕಲ್ಲ! ಕೈ ಮುಂದಕ್ಕೆ ಹೋಗಲಿಲ್ಲ.

ಮಣ್ಣು ತೋಡಿದ ಸದ್ದಿಗೆ ಅವಳು ಹೊರಬಂದಳು. ಗುಂಡಿಯ ಪಕ್ಕ ಕೂತೇ ಎಲ್ಲವನ್ನೂ ಹೇಳಿದೆ, ನೀರು ಹೊಯ್ದದ್ದು, ಕೊಳೆತದ್ದು, ಪಾಂಡವಪುರದಿಂದ ತಂದದ್ದು. ಅವಳು ನಿಂತವಳು ಕುಸಿದು ಕೂತಳು. ಸೆರಗು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ಅತ್ತಳು. ಈ ಸಲ ಹಿಡಿದುಕೊಳ್ಳಲು ನನ್ನ ಕೈಯಲ್ಲಿ ಪೇಪರ್ ಇರಲಿಲ್ಲ, ಅವಳ ಪಕ್ಕದಲ್ಲೇ ಕೂತಿದ್ದೆ.

ಕೊನೆಗೆ ಮೂಗು ಒರೆಸಿಕೊಂಡು, "ಎಷ್ಟು ನೀರು ಉಯ್ದ್ರಿ?" ಎಂದಳು.

"ದಿನಾ ಎರಡು ಬಿಂದಿಗೆ."

"ಎರಡು ಬಿಂದಿಗೆ!" ಅವಳು ನನ್ನನ್ನೇ ನೋಡಿದಳು. "ನಮ್ಮವ್ವ ಮೈಲಿ ದೂರದಿಂದ ನೀರು ಒತ್ತು ತಂದು ನಮ್ಗೆಲ್ಲಾ ಉಯ್ದೋಳು ಕಣ್ರೀ. ಬದುಕಿದ್ದಾಗ ತನಗೆ ಅಂತ ದಿನಕ್ಕೆ ಎರಡು ಬಿಂದಿಗೆ ನೀರು ಕಂಡೋಳಲ್ಲ. ನೀವಾದ್ರೂ ಉಯ್ದ್ರಲ್ಲ, ಬುಡಿ."

ಆಮೇಲೆ ಆ ಗುಂಡಿಯನ್ನು ಅಂಗೈಯಿಂದ ತಾನೇ ಮುಚ್ಚಿದಳು. ಪಾಂಡವಪುರದ ಗೆಡ್ಡೆಯನ್ನು ಎತ್ತಿಕೊಂಡು ಹೋಗಿ ಬೇರೆ ಕಡೆ, ಕಾಂಪೌಂಡಿನ ಮೂಲೆಯಲ್ಲಿ ನೆಟ್ಟಳು. ನಾನು ದೂರದಲ್ಲೇ ನಿಂತಿದ್ದೆ. ಮಣ್ಣು ಒತ್ತಿ ಎದ್ದವಳು, ತಿರುಗಿ ನೋಡದೆಯೇ ನನ್ನನ್ನು ಕರೆದಳು.

"ಬನ್ನಿ, ನೀರು ನೀವೇ ಉಯ್ಯಿ. ಒಂದು ಚೊಂಬು."