ಜೆರಾಕ್ಸಣ್ಣನ ಮಂತ್ರದಂಡ

2003ರಲ್ಲಿ, ಎಂಟನೇ ಕ್ಲಾಸಿನ ಅರ್ಧಕ್ಕೆ, ನಾನು ಓದು ನಿಲ್ಲಿಸಿದೆ. ಆಮೇಲೆ ಕಾಗದಕ್ಕೂ ನನಗೂ ಹೆಚ್ಚಿನ ಸಂಬಂಧ ಉಳಿಯಲಿಲ್ಲ. ನನ್ನ ಕೈಗೆ ಬಂದದ್ದು ಮರ. ಹಾಗಿರುವಾಗ ಕಳೆದ ವಾರ ಪಣಂಬೂರಿನಲ್ಲಿ ಬಂದರಿನ ಗೇಟ್ ಪಾಸಿಗೆಂದು ಆಧಾರ್ ಕಾರ್ಡಿನ ಪ್ರತಿ ತೆಗೆಸಿದೆ. ಇನ್ನೂ ಬಿಸಿಯಿದ್ದ ಆ ಕಾಗದದ ವಾಸನೆ ಮೂಗಿಗೆ ಬಡಿದದ್ದೇ ಅಲ್ಲೇ ನಿಂತುಬಿಟ್ಟೆ. ಜೆರಾಕ್ಸಣ್ಣನ ಅಂಗಡಿಯ ವಾಸನೆ...

ಬಿಜೈ ಬಸ್ ನಿಲ್ದಾಣದ ಹಿಂದೆ ನನ್ನ ಮರದ ಲೇತ್ ಇತ್ತು. ಆ ಯಂತ್ರದಲ್ಲಿ ಮರ ತಿರುಗಿಸಿ ಮಂಚದ ಕಾಲು, ತೊಟ್ಟಿಲ ಕಡ್ಡಿ, ಲಟ್ಟಣಿಗೆ ಕಡೆಯುವುದು ನನ್ನ ಕೆಲಸ. ಗೋಡೆಯ ಆಚೆ ಬದಿ ಜೆರಾಕ್ಸಣ್ಣನ ಅಂಗಡಿ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಮನೆಯವರೆಲ್ಲ ಕಡಲಿಗೆ ಹೋಗುವವರು. "ನಂಗೆ ದೋಣಿ ಹತ್ತಿದ್ರೆ ವಾಂತಿ ಮಾರಾಯ, ಅದಕ್ಕೇ ಈ ಮಿಷನ್ ಹಿಡ್ಕೊಂಡದ್ದು" ಎಂದು ತಾವೇ ನಗುತ್ತಿದ್ದರು.

ಯಾರೋ ಕಾಲೇಜು ಹುಡುಗ ಪ್ರತಿ ಮಾಡಲು ಕೊಟ್ಟ ಒಂದು ಇಂಗ್ಲಿಷ್ ಪುಸ್ತಕವನ್ನು ವಾಪಸು ಒಯ್ಯಲೇ ಇಲ್ಲವಂತೆ. ಜೆರಾಕ್ಸಣ್ಣ ಡಿಕ್ಷನರಿ ಇಟ್ಟುಕೊಂಡು ಅದನ್ನು ಓದಿ ಮುಗಿಸಿದರು. ಅದೊಂದು ಆಟದ ಪುಸ್ತಕ. ಒಬ್ಬ ಕಥೆ ಹೇಳಬೇಕು, ಉಳಿದವರು ಒಬ್ಬೊಬ್ಬ ಮಂತ್ರವಾದಿಯಾಗಿ ಆ ಕಥೆಯೊಳಗೆ ನಡೆಯಬೇಕು, ಸೋಲು ಗೆಲುವನ್ನು ದಾಳ ಹೇಳಬೇಕು. ಭಾನುವಾರ ಊಟವಾದ ಮೇಲೆ ಶಟರ್ ಅರ್ಧ ಇಳಿಸಿ ನಾಲ್ಕೈದು ವಿದ್ಯಾರ್ಥಿಗಳ ಜೊತೆ ಅವರು ಆಡಲು ಶುರುಮಾಡಿದರು. ಕಥೆ ಹೇಳುವವರು ಹೆಚ್ಚಾಗಿ ಅವರೇ. ಕೆಲವು ತಿಂಗಳ ಮೇಲೆ ಹುಡುಗರಿಗೆ ಮಂತ್ರದಂಡಗಳನ್ನು ಕಡೆದುಕೊಟ್ಟವನು ನಾನು. ಕೊಡಲು ಹೋದವನನ್ನು ಅಲ್ಲೇ ಕೂರಿಸಿದರು.

"ನೋಡು, ಮೊದಲು ಕೋಲು ಬರೀ ಕೋಲು. ನೀನು ಹಿಡ್ದು ಹಿಡ್ದು ಅದು ನಿನ್ನದಾಗ್ತದೆ, ನಿನ್ನೊಟ್ಟಿಗೆ ಬೆಳೀತದೆ. ಬೇರೆಯವರ ಕೈಗೆ ಹೋದ್ರೆ ಸತ್ತ ಹಾಗೆ" ಎಂದರು ಜೆರಾಕ್ಸಣ್ಣ.

"ಮರಕ್ಕೆ ಯಾರ ಕೈ ಅಂತ ಎಂತ ಗೊತ್ತುಂಟು?" ಎಂದೆ ನಾನು. ಮರದ ವಿಷಯ ನನಗೆ ಹೇಳಿಕೊಡುವುದೇ ಎಂಬ ಗತ್ತು ನನ್ನದು.

ಅವರು ತಮ್ಮ ಕೋಲನ್ನು ತೋರಿಸಿದರು. ಅದು ನಾನು ಕಡೆದದ್ದಲ್ಲ. ಅವರ ಅಜ್ಜನ ದೋಣಿಯ ಹುಟ್ಟು ಮುರಿದಾಗ ಹಿಡಿಯ ಭಾಗವನ್ನು ಉಳಿಸಿಕೊಂಡು ಕತ್ತಿಯಿಂದ ಕೆತ್ತಿದ್ದು. ಕಪ್ಪಗೆ, ಸೊಟ್ಟಗೆ ಇತ್ತು. ಅಜ್ಜನ ಹೆಬ್ಬೆರಳು ಕೂರುತ್ತಿದ್ದ ಜಾಗದಲ್ಲಿ ಒಂದು ತಗ್ಗು ಬಿದ್ದಿತ್ತು. "ಈ ಹುಟ್ಟನ್ನು ಬೇರೆ ಯಾರು ಹಿಡಿದ್ರೂ ಅಂಗೈಯಲ್ಲಿ ಗುಳ್ಳೆ. ಅಜ್ಜನಿಗೆ ಒಂದು ದಿನವೂ ಬರ್ಲಿಲ್ಲ. ಮರಕ್ಕೆ ಗೊತ್ತಿಲ್ಲ ಅಂತ ಹೇಗೆ ಹೇಳ್ತೀ?"

ಅವರ ಆಟದಲ್ಲಿ ಗೆದ್ದದ್ದಕ್ಕೆ ಬೆಲೆಯಿರಲಿಲ್ಲ. ನಮ್ಮದೇನನ್ನಾದರೂ ಬಿಟ್ಟುಕೊಟ್ಟು ಇನ್ನೊಬ್ಬರನ್ನು ಉಳಿಸಿದರೆ ಮಾತ್ರ ಅವರು ಚೂರಿ ತೆಗೆದು ನಮ್ಮ ಕೋಲಿನ ಮೇಲೆ ಒಂದು ಗುರುತು ಕೊರೆಯುತ್ತಿದ್ದರು. ಕಥೆಯೊಳಗೆ ಒಂದು ಗುರುತಿಗೆ ಕೋಲು ಬೆಳಕು ಕೊಡುತ್ತದೆ, ಎರಡಕ್ಕೆ ಮುಚ್ಚಿದ ಬಾಗಿಲು ತೆರೆಯುತ್ತದೆ, ಹೀಗೆ. ವಾರವಿಡೀ ಕೋಲು ನಮ್ಮ ಬಳಿಯೇ ಇರಬೇಕು, ಕೈಯ ಬೆವರು ತಾಗಬೇಕು. ನಾನು ನನ್ನದನ್ನು ಕೊಳೆಯಾಗದಂತೆ ಪೇಪರಿನಲ್ಲಿ ಸುತ್ತಿಡುತ್ತಿದ್ದೆ. ಆಟದಲ್ಲೂ ಏನನ್ನೂ ಬಿಟ್ಟುಕೊಡುವವನಲ್ಲ. ಒಂದು ವರ್ಷವಾದರೂ ನನ್ನ ಕೋಲಿನಲ್ಲಿ ಒಂದೇ ಗುರುತು. ಫಾರ್ಮಸಿ ಓದುವ ಹುಡುಗಿಯದ್ದರಲ್ಲಿ ಏಳು. ಜೆರಾಕ್ಸಣ್ಣನದ್ದರಲ್ಲಿ ಹನ್ನೊಂದು, ನಾನು ಸೇರುವ ಮೊದಲು, ಹುಡುಗರು ಕಥೆ ಹೇಳಿ ಅವರನ್ನು ಆಡಿಸಿದ್ದ ಕಾಲದ್ದು.

ಒಂದು ಭಾನುವಾರ ಆ ಹುಡುಗಿ ಅವರ ಕೋಲನ್ನು ತಿರುಗಿಸಿ ನೋಡುತ್ತಾ, "ಇದು ನೋಡಿ ಮಂತ್ರದಂಡ. ಲೇತಣ್ಣ ಮಾಡಿದ್ದೆಲ್ಲ ಚಪಾತಿಗೆ ಆಗ್ಬಹುದು!" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಉರಿಯುತ್ತಿತ್ತು. ನನ್ನ ಕೆಲಸದಲ್ಲಿ ಅದುವರೆಗೆ ಯಾರೂ ಕೊಂಕು ತೆಗೆದಿರಲಿಲ್ಲ.

ಅದಾಗಿ ಕೆಲವೇ ದಿನಗಳಲ್ಲಿ ಜೆರಾಕ್ಸಣ್ಣನ ಕೋಲಿನ ತುದಿ ಸೀಳು ಬಿಟ್ಟಿತು. ನನ್ನಲ್ಲಿಗೆ ತಂದರು. "ತುದಿಗೊಂದು ಹಿತ್ತಾಳೆ ಉಂಗುರ ಹಾಕು, ಸಾಕು. ಬೇರೆ ಎಂತದ್ದೂ ಮುಟ್ಬೇಡ, ಆಯ್ತಾ?"

ಆಯ್ತು ಎಂದೆ. ಅವರು ಆಚೆ ಹೋದದ್ದೇ ಕೋಲನ್ನು ಲೇತಿಗೆ ಕಟ್ಟಿದೆ. ನಿಜವಾದ ಕೆಲಸ ಎಂದರೆ ಏನೆಂದು ಅವಳಿಗೆ ತೋರಿಸಬೇಕಿತ್ತು. ಉಳಿ ತಾಗಿಸಿದೆ. ಕಪ್ಪು ಸಿಪ್ಪೆ ಎದ್ದು ಬಂತು, ಸೊಟ್ಟ ಹೋಯಿತು, ಗುರುತುಗಳು ಒಂದೊಂದಾಗಿ ಹೋದವು. ಹೆಬ್ಬೆರಳ ತಗ್ಗು ಆಳವಾಗಿತ್ತು. ಅದು ಹೋಗಲು ಇನ್ನೂ ಮೂರು ಸಲ ಉಳಿ ಹಿಡಿಯಬೇಕಾಯಿತು. ಹಿಡಿದೆ. ಮರಳು ಕಾಗದ ತಿಕ್ಕಿ ಪಾಲಿಶ್ ಕೊಟ್ಟು ನೋಡಿದರೆ ಕೋಲು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಲೇತ್ ನಿಂತ ಮೇಲೆ ನೆಲದಲ್ಲಿ ಬಿದ್ದ ಕಪ್ಪು ಸಿಪ್ಪೆ ಕಂಡಿತು. ಎಂತ ಮಾಡಿಬಿಟ್ಟೆ ಎಂದು ಆಗ ಗೊತ್ತಾಯಿತು...

ಅವರು ಬಂದು ಕೋಲನ್ನು ಕೈಗೆ ತೆಗೆದುಕೊಂಡರು. ಹೆಬ್ಬೆರಳು ತನ್ನಷ್ಟಕ್ಕೆ ಆ ತಗ್ಗನ್ನು ಹುಡುಕಿತು. ಮೇಲೆ ಕೆಳಗೆ ಜಾರಿ ಮತ್ತೆ ಹುಡುಕಿತು.

"ಒಳಗೆ ಹುಳ ಹಿಡ್ದಿತ್ತು" ಎಂದೆ. "ಹಾಗೇ ಬಿಟ್ಟಿದ್ರೆ ಇಡೀ ಕೋಲೇ ಪುಡಿಯಾಗ್ತಿತ್ತು."

ಅದರಲ್ಲಿ ಒಂದು ಹುಳವೂ ಇರಲಿಲ್ಲ. ಅಂಥ ಗಟ್ಟಿ ಮರ ನಾನು ನೋಡಿದ್ದೇ ಕಡಿಮೆ.

ಕೋಲನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಕೊನೆಗೆ, "ಮರ ನಿಂಗೆ ಗೊತ್ತು ಮಾರಾಯ, ನಂಗೆಂತ ಗೊತ್ತು" ಎಂದರು.

ಬೈದಿದ್ದರೆ ಇಷ್ಟು ವರ್ಷ ಇದನ್ನು ಹೊತ್ತುಕೊಂಡು ತಿರುಗುತ್ತಿರಲಿಲ್ಲವೇನೋ. ಮುಂದಿನ ಭಾನುವಾರ ಎಲ್ಲರೆದುರು ನನ್ನ ಕೋಲನ್ನು ಕೇಳಿ ತೆಗೆದುಕೊಂಡು ಚೂರಿ ಬಿಡಿಸಿದರು. "ನನ್ನ ಕೋಲನ್ನು ಉಳಿಸಿದ್ದು ಇವ. ಇದು ಆಟದ ಹೊರಗಿನ ಗುರುತು" ಎನ್ನುತ್ತಾ ಕೊರೆದರು. ಆ ಹುಡುಗಿ ಚಪ್ಪಾಳೆ ತಟ್ಟಿದಳು. "ಸಾರಿ ಲೇತಣ್ಣ, ನಾನು ತಮಾಷೆ ಮಾಡಿದ್ದು" ಎಂದಳು. ಬೇಡ ಎನ್ನಲು ನನಗೆ ಒಂದು ಮಾತು ಸಾಕಿತ್ತು. ಕೈ ಚಾಚಿ ಕೋಲನ್ನು ತೆಗೆದುಕೊಂಡೆ. ಅಂದಿನ ಕಥೆಯಲ್ಲಿ ಮುಚ್ಚಿದ ಬಾಗಿಲೊಂದು ಬಂದಾಗ ಆ ಎರಡನೇ ಗುರುತಿನ ಬಲದಿಂದಲೇ ಅದನ್ನು ತೆರೆದೆ.

ಮತ್ತೆ ಎರಡು ವಾರ ಹೋದೆ, ಆಮೇಲೆ ಕೆಲಸ ಜಾಸ್ತಿ ಎಂದು ನಿಲ್ಲಿಸಿದೆ. ಆ ಕಟ್ಟಡ ಕೆಡವಿದಾಗ ಅವರು ಅಂಗಡಿ ಮುಚ್ಚಿದರು, ನಾನು ಕೂಳೂರಿಗೆ ಬಂದೆ. ನಿಜ ಹೇಳಿಬಿಡಬೇಕೆಂದೇ ಒಮ್ಮೆ ಅವರ ಮನೆಗೆ ಹೋಗಿದ್ದೆ. ಬಂಗುಡೆ ಮೀನಿನ ಪುಳಿಮುಂಚಿ ಸಾರು ಬಡಿಸಿದರು, ನನ್ನ ಹೊಸ ಲೇತಿನ ಬಗ್ಗೆ ಕೇಳಿದರು. ಲೇತಿನ ಬಗ್ಗೆಯೇ ಮಾತಾಡಿ ಎದ್ದು ಬಂದೆ.

ಹೋದ ವರ್ಷ ಆ ಫಾರ್ಮಸಿ ಹುಡುಗಿ, ಈಗ ಎರಡು ಮಕ್ಕಳ ತಾಯಿ, ತೊಟ್ಟಿಲು ರಿಪೇರಿಗೆಂದು ಬಂದವಳು ಹೇಳಿದಳು: "ಜೆರಾಕ್ಸಣ್ಣ ತೀರಿಕೊಂಡ್ರು, ಗೊತ್ತಾಯ್ತಾ? ಹೊಸದಾಗಿ ಆಟಕ್ಕೆ ಬಂದವರಿಗೆಲ್ಲ ನಿಮ್ಮ ಕಥೆ ಹೇಳ್ತಿದ್ರು, ನನ್ನ ಕೋಲು ಉಳಿದದ್ದು ಲೇತಿನವನಿಂದ ಅಂತ."

ತೊಟ್ಟಿಲು ಯಾವಾಗ ಬೇಕು ಎಂದು ಕೇಳಿದೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತಿರುವುದು ಇಲ್ಲಿಯೇ ಮೊದಲು, ಕೇಳಬೇಕಾಗಿದ್ದವರು ಇಲ್ಲ.

ಈಗ ನನಗೆ ಎರಡು ಲೇತ್ ಇವೆ. ಮೂವರು ಕೆಲಸದವರು. ಒಂದು ಮನೆ, ಒಂದು ಸ್ಕೂಟರ್, ಇಬ್ಬರು ಹೆಣ್ಣುಮಕ್ಕಳು. ಕೋಲು ಒಂದು. ಅದರ ಮೇಲೆ ಗುರುತು ಎರಡು.