ಹೊಣೆಯಿಲ್ಲಪ್ಪನ ಮೂರನೇ ಮೆಟ್ಟಿಲು

ಬಡಾವಣೆಯ ಸಂಘದ ಕಾರ್ಯದರ್ಶಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆ ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ಎದುರಿಗೆ ‘ಸಾರ್’, ಬೆನ್ನ ಹಿಂದೆ ‘ಹೊಣೆಯಿಲ್ಲಪ್ಪ’. ಈ ಅಡ್ಡಹೆಸರು ಹೆಂಡತಿಯ ಕಿವಿಗೂ ಬಿದ್ದಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡವಳು ಅವಳು. ಅಳತೆ ಕೊಡಲು ಬಂದವರು ಸುದ್ದಿಯನ್ನೂ ಕೊಟ್ಟೇ ಹೋಗುತ್ತಿದ್ದರು. ಕೇಳಿ ಅವಳಿಗೆ ಸಿಟ್ಟೇನೂ ಬರಲಿಲ್ಲ. ಇಟ್ಟವರು ಯಾರೋ ತನ್ನ ಗಂಡನನ್ನು ಚೆನ್ನಾಗಿ ಬಲ್ಲವರೇ ಇರಬೇಕು ಅಂದುಕೊಂಡಳು.

ನಿವೃತ್ತಿಯಾಗುವ ತನಕ ಅವನು ವಿಮಾ ಕಚೇರಿಯಲ್ಲಿದ್ದ. ಪರಿಹಾರ ಕೇಳಿಕೊಂಡು ಬಂದವರಿಗೆ ಅದು ಯಾಕೆ ಸಿಗುವುದಿಲ್ಲ ಎಂದು ತಿಳಿಹೇಳಿ ಸಾಗಹಾಕುವುದೇ ಕೆಲಸ. ಆ ವಿದ್ಯೆ ಮನೆಯಲ್ಲೂ ಉಪಯೋಗಕ್ಕೆ ಬಂತು. ಹಾಲು ಉಕ್ಕಿದರೆ ಒಲೆಯದ್ದು ತಪ್ಪು, ಬಸ್ಸು ತಪ್ಪಿದರೆ ಗಡಿಯಾರದ್ದು, ಮಗಳು ಗಣಿತದಲ್ಲಿ ಡುಮ್ಕಿ ಹೊಡೆದರೆ ಮೇಷ್ಟರದ್ದು. ‘ತಪ್ಪಾಯ್ತು’ ಎಂಬ ಒಂದು ಮಾತು ಆ ಬಾಯಿಂದ ಉದುರಿದ್ದನ್ನು ಮದುವೆಯಾದಾಗಿನಿಂದ ಅವಳು ಕೇಳಿರಲಿಲ್ಲ.

ಇಂಥವನ ಕೈಗೆ ಸಂಘದ ವಾರ್ಷಿಕ ಕ್ರೀಡಾಕೂಟ ಸಿಕ್ಕಿತು. ಓಟ, ಕುರ್ಚಿಯಾಟ, ಹಾಡು, ಏನೇ ಇರಲಿ, ಒಳಗೆ ಕಾಲಿಡುವ ಮೊದಲು ಎಲ್ಲರೂ ಮುಚ್ಚಳಿಕೆಗೆ ಸಹಿ ಹಾಕಬೇಕು. ಮೊದಲ ವರ್ಷ ಅದು ಒಂದೇ ಸಾಲಿತ್ತು: ಏನಾದರೂ ಆದರೆ ಸಂಘ ಹೊಣೆಯಲ್ಲ. ಆಮೇಲೆ ಕುರ್ಚಿಯಾಟದಲ್ಲಿ ಒಂದು ಕುರ್ಚಿಯ ಕಾಲು ಮುರಿದು ಒಬ್ಬರ ಸೊಂಟ ಉಳುಕಿತು. ಹೊಣೆಯಿಲ್ಲಪ್ಪ ಕುರ್ಚಿಯನ್ನು ಎಸೆಯಲಿಲ್ಲ, ಮುಚ್ಚಳಿಕೆಯಲ್ಲಿ ಕುರ್ಚಿಗೆಂದೇ ಒಂದು ಕಲಮು ಸೇರಿಸಿದ. ಮುಂದೆ ಬೀದಿನಾಯಿಗೊಂದು ಕಲಮು, ಬಿಸಿ ಟೀಗೊಂದು, ಮೈಕಿನ ಶಾಕ್‌ಗೊಂದು. ಮುಚ್ಚಳಿಕೆ ಉದ್ದವಾಗುತ್ತಾ ಹೋಯಿತು. ಕುರ್ಚಿ, ನಾಯಿ, ಮೈಕು ಎಲ್ಲವೂ ಇದ್ದಲ್ಲೇ ಇದ್ದವು.

ಈ ಸಲ ಸರದಿ ಮೆಟ್ಟಿಲಿನದು. ವೇದಿಕೆ ಹತ್ತಲು ಇದ್ದದ್ದು ಮರದ ನಾಲ್ಕು ಮೆಟ್ಟಿಲು. ಮೂರನೆಯದರ ಮೊಳೆ ಕಿತ್ತು ಬಂದು, ಅಂಚಿಗೆ ಕಾಲಿಟ್ಟರೆ ಹಲಗೆ ಮಗುಚುತ್ತಿತ್ತು. ಹೊಣೆಯಿಲ್ಲಪ್ಪ ಅದನ್ನು ಕಣ್ಣಾರೆ ನೋಡಿ ಬಂದ. ಮನೆಗೆ ಬಂದವನೇ ಕೂತು ಬರೆದ: ‘ವೇದಿಕೆಯ ಮೂರನೆಯ ಮೆಟ್ಟಿಲಿನಿಂದ ಉಂಟಾಗುವ ಯಾವುದೇ ತೊಂದರೆಗೆ ಸಂಘವು ಹೊಣೆಯಲ್ಲ.’

“ರೀ, ಯಾವ ಮೆಟ್ಟಿಲು ಅಂತ ಗೊತ್ತಿದ್ಮೇಲೆ ಬಡಗೀನ ಕರೆಸಿ ಮೊಳೆ ಹೊಡೆಸಬಾರ್ದಾ?” ಎಂದು ಹೆಂಡತಿ ಕೇಳಿದಳು.

“ಹೊಡೆಸಿದ ಮೇಲೂ ಯಾರಾದ್ರೂ ಬಿದ್ರೆ? ಸರಿಯಾಗಿ ಹೊಡೆಸಿಲ್ಲ ಅಂತ ನಮ್ಮ ತಲೆಗೆ ಬರುತ್ತೆ. ಮುಟ್ಟದೇ ಇದ್ರೆ ನಮಗೂ ಅದಕ್ಕೂ ಸಂಬಂಧನೇ ಇಲ್ಲ. ನಿನಗಿದೆಲ್ಲ ಅರ್ಥ ಆಗಲ್ಲ ಬಿಡು.”

ಅವಳಿಗೆ ಚೆನ್ನಾಗಿಯೇ ಅರ್ಥವಾಯಿತು. ಈ ಮನುಷ್ಯ ಬಾವಿಗೆ ಬಿದ್ದವರಿಗೆ ಹಗ್ಗ ಇಳಿಸುವ ಮೊದಲು ಸಹಿ ಕೇಳುತ್ತಾನೆ ಅನ್ನಿಸಿತು. ಆದರೂ ಅವನು ಕಾಗದ ಚಾಚಿ, “ಮನೆಯವರು ಅಂತ ನಿನ್ನ ಬಿಟ್ರೆ ಜನ ಆಡ್ಕೋತಾರೆ. ಸುಮ್ನೆ ಒಂದು ಸಹಿ ಹಾಕು” ಎಂದಾಗ, ಎರಡು ಕಾಲರ್‌ಗಳ ನಡುವೆ ಬಿಡುವು ಮಾಡಿಕೊಂಡು ಹಾಕಿಕೊಟ್ಟಳು.

ಸೂಜಿಗೆ ದಾರ ಪೋಣಿಸುವ ಸ್ಪರ್ಧೆಯಲ್ಲಿ ಅವಳಿಗೇ ಮೊದಲ ಬಹುಮಾನ ಬಂತು. ಟೈಲರ್ ಅಕ್ಕನನ್ನು ಸೇರಿಸಿಕೊಂಡದ್ದೇ ಅನ್ಯಾಯ ಎಂದು ಉಳಿದ ಹೆಂಗಸರು ನಗುತ್ತಾ ಗೊಣಗಿದರು. ವೇದಿಕೆ ಹತ್ತುವಾಗ ಅವಳು ಎಣಿಸಿಕೊಂಡು ಮೂರನೆಯ ಮೆಟ್ಟಿಲನ್ನು ದಾಟಿಯೇ ಹತ್ತಿದಳು. ಬಹುಮಾನ ದೊಡ್ಡದೊಂದು ಪ್ಲಾಸ್ಟಿಕ್ ಟಬ್ಬು. ಅದನ್ನು ಎದೆಗೆ ಅವುಚಿಕೊಂಡರೆ ಕಾಲಡಿ ಕಾಣಿಸದು. ಇಳಿಯುವಾಗಲೂ ಎಣಿಸಿದಳು, ಆದರೆ ಮೇಲಿನಿಂದ. ಒಂದು, ಎರಡು ಎನ್ನುವಷ್ಟರಲ್ಲಿ ಹಲಗೆ ಮಗುಚಿತು. ಟಬ್ಬಿಗೆ ಏನೂ ಆಗಲಿಲ್ಲ, ಬಲಗಾಲಿನ ಮೂಳೆ ಮುರಿಯಿತು.

ಪಾದದಿಂದ ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿ ಮನೆಗೆ ಕಳಿಸಿದರು. ಶಾಲೆ ತೆರೆಯುವ ದಿನ ಹತ್ತಿರ ಬರುತ್ತಿತ್ತು. ಕತ್ತರಿಸಿಟ್ಟ ಸಮವಸ್ತ್ರಗಳ ರಾಶಿ ಮೆಷಿನ್ ಪಕ್ಕದಲ್ಲಿ ಹಾಗೇ ಬಿದ್ದಿತ್ತು. ಹೊತ್ತಿಗೆ ಕೊಡದಿದ್ದರೆ ಶಾಲೆಯವರು ಪೇಟೆಯ ಅಂಗಡಿಗೆ ಕೊಡುತ್ತಾರೆ. ಅವಳಿಗಿದ್ದ ಖಾಯಂ ಕೆಲಸ ಅದೊಂದೇ. ಮೆಷಿನ್ ಕಾಲಲ್ಲಿ ತುಳಿಯುವಂಥದ್ದು. ನೋವಿಗಿಂತ ಆ ಚಿಂತೆಯೇ ಅವಳನ್ನು ಹಣ್ಣು ಮಾಡುತ್ತಿತ್ತು. ಜೊತೆಗೆ ಇನ್ನೊಂದು ಆಸೆ: ಈಗಲಾದರೂ ಗಂಡ ‘ತಪ್ಪಾಯ್ತು’ ಎಂಬ ಆ ಒಂದು ಮಾತು ಅಂದಾನು.

ಸಂಘದವರು ನೋಡಲು ಬಂದರು. ಖಜಾಂಚಿ ಅವಳ ಕಾಲಿನ ಕಡೆ ಒಮ್ಮೆ ಕಣ್ಣು ಹಾಯಿಸಿ, “ಸದ್ಯ, ಮೇಡಮ್ಮೂ ಸಹಿ ಹಾಕಿದ್ರು. ಇಲ್ದಿದ್ರೆ ಸಂಘಕ್ಕೆ ಕೆಟ್ಟ ಹೆಸರು” ಎಂದು ನಿಟ್ಟುಸಿರು ಬಿಟ್ಟ. ಹೊಣೆಯಿಲ್ಲಪ್ಪ ಪರೀಕ್ಷೆಯಲ್ಲಿ ಪಾಸಾದ ಹುಡುಗನಂತೆ ಬೀಗಿದ. ಅವಳಿಗೆ ಅಸಹ್ಯವಾಯಿತು.

ಅವರನ್ನು ಬೀಳ್ಕೊಟ್ಟು ಬಂದವನ ಕೈಯಲ್ಲಿ ಹೊಸ ಕಾಗದವಿತ್ತು. “ಮುಂದಿನ ವರ್ಷದ್ದು. ಒಂದ್ಸಲ ನೋಡಿ ಸಹಿ ಹಾಕ್ಬಿಡು” ಎಂದ. ಈ ಸಲ ಅವಳು ಓದಿದಳು. ‘ಮೂರನೆಯ ಮೆಟ್ಟಿಲು’ ಎಂದಿದ್ದದ್ದು ‘ಕೆಳಗಿನಿಂದ ಎಣಿಸಿದಾಗ ಮೂರನೆಯ ಮೆಟ್ಟಿಲು’ ಎಂದಾಗಿತ್ತು. ಕೊನೆಯಲ್ಲಿ ಹೊಸ ಸಾಲು: ‘ಈ ಷರತ್ತುಗಳು ಪದಾಧಿಕಾರಿಗಳ ಮನೆಯವರಿಗೂ ಅನ್ವಯಿಸುತ್ತವೆ.’

“ಮೊಳೆ ಹೊಡೆಸಿದ್ರಾ?”

“ಅದನ್ನ ಮುಟ್ಟಬಾರ್ದು ಅಂತ ಹೇಳಿದ್ನಲ್ಲ.”

ಅವಳು ಗೋಡೆ ಹಿಡಿದು ಕುಂಟುತ್ತಾ ಹೋಗಿ ಮೆಷಿನ್ ಮುಂದೆ ಕೂತಳು. ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಸಮವಸ್ತ್ರದ ಒಂದು ತೋಳನ್ನು ಕೈಗೆತ್ತಿಕೊಂಡಳು. ಮುಚ್ಚಳಿಕೆಯನ್ನು ಮೆಷಿನ್ ಪೆಡಲಿನ ಪಕ್ಕ ನೆಲಕ್ಕೆ ಹಾಸಿದಳು.

“ಬನ್ನಿ, ಇದರ ಮೇಲೆ ಕೂತ್ಕೊಳ್ಳಿ. ನೆಲ ತಣ್ಣಗಿದೆ.”

“ನಾನಾ? ಯಾಕೆ?”

“ಒಂಟಿ ಕಾಲಲ್ಲಿ ತುಳಿಯೋಕೆ ನನಗಾಗಲ್ಲ. ನೀವು ಕೈಯಲ್ಲಿ ಪೆಡಲ್ ಒತ್ತಿ, ನಾನು ಬಟ್ಟೆ ಸರಿಸ್ತೀನಿ. ಶಾಲೆ ಶುರುವಾಗೋ ತನಕ ದಿನಾ ಹೀಗೇ.”

ಅವಳ ದನಿಯಲ್ಲಿ ಏನಿತ್ತೋ, ಕಾರ್ಯದರ್ಶಿ ತಾನು ಬರೆದ ಕಲಮುಗಳ ಮೇಲೆ ಕುಕ್ಕರಿಸಿದ. ಪೆಡಲಿನ ಮೇಲೆ ಕೈಯಿಟ್ಟ, ಒತ್ತಲಿಲ್ಲ. ಕೆಳಗಿನಿಂದ ನೋಡಿದರೆ ಅವನಿಗೆ ಸೂಜಿ ಕಾಣುತ್ತಿರಲಿಲ್ಲ, ಅವಳ ಬೆರಳೂ ಕಾಣುತ್ತಿರಲಿಲ್ಲ.

“ಅಲ್ವೇ, ನಾನು ಜೋರಾಗಿ ಒತ್ತಿ, ಸೂಜಿ ನಿನ್ನ ಬೆರಳಿಗೆ ಇಳಿದ್ರೆ?”

“ಇಳಿದ್ರೆ ನೀವೇ ಹೊಣೆ,” ಎಂದು ಅವಳು ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸಿದಳು. “ಹೂಂ, ಒತ್ತಿ.”