ಕಂಪ್ಯೂಟರಿನೊಳಗಿನ ಹರಿಹರ

ದಾವಣಗೆರೆಯ ನಮ್ಮ ಲ್ಯಾಬಿನ ಕಂಪ್ಯೂಟರಿನೊಳಗೆ ಹರಿಹರದವರೆಗಿನ ವಿದ್ಯುತ್ ಜಾಲದ ನಕಲೊಂದಿದೆ. ಹೊರಗಿನ ಜಾಲದ ವೇಗದಲ್ಲೇ ಓಡುತ್ತದೆ, ಆದರೆ ಯಾರಿಗೂ ಶಾಕ್ ಹೊಡೆಯುವುದಿಲ್ಲ.

ಹರಿಹರದ ಲೈನ್‌ಮನ್ ಬಸಣ್ಣ ಅವತ್ತು ಪರೀಕ್ಷೆಗೆಂದು ಒಂದು ರಿಲೇ ತಂದಿದ್ದರು. ತಂತಿ ಹರಿದು ಬಿದ್ದರೆ ತಕ್ಷಣ ಕರೆಂಟು ಕಡಿಯುವ ಪೆಟ್ಟಿಗೆ ಅದು. ಇಲ್ಲಿ ಪಾಸಾದರೆ ಅವರ ಸಂಗಡಿಗರು ದಿನಾ ಹತ್ತುವ ಲೈನಿಗೇ ಹೋಗುತ್ತದೆ.

ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಜೋಡಿಸಿದೆ. ಊಟದ ನಂತರದ ಮಂಪರಿನಲ್ಲಿ ಪರದೆಯ ಅಲೆಗಳು ಉಸಿರಾಡಿದಂತೆ ಏರಿಳಿಯುತ್ತಿದ್ದವು.

"ಈ ಬಟನ್ ಒತ್ರಿ ಬಸಣ್ಣ, ಲೈನು ಚಾಲೂ ಆಗ್ತದೆ."

ಅವರು ಕೈ ಹಿಂದೆ ಕಟ್ಟಿಕೊಂಡರು. "ಲೈನ್ ಕ್ಲಿಯರ್ ಎಲ್ಲೈತ್ರಿ ಮೇಡಂ? ಕಂಬದ ಮ್ಯಾಲೆ ಯಾರಾರ ಇದ್ರೆ?"

"ಇದ್ರಾಗೆ ಕಂಬಾನೇ ಇಲ್ರಿ. ಬರೀ ಲೆಕ್ಕ."

"ಲೆಕ್ಕದಾಗ ತಂತಿ ಹರೀತೈತೆ ಅಂತೀರಿ, ಮನುಷ್ಯ ಇರಲ್ವಾ? ಕೇಳದೆ ಯಾವತ್ತೂ ಒತ್ತಿಲ್ಲ. ಕೈ ಬರಲ್ರಿ."

ಕೋಣೆಯ ಮೂಲೆಗೆ ಹೋಗಿ ನಿಂತು, ನಾನೇ ಹರಿಹರವಾಗಿ ಕೂಗಿದೆ: "ಎಲ್ಲಾ ಇಳಿದಾರೆ, ಲೈನ್ ಕ್ಲಿಯರ್!"

"ಎಣಿಸಿದ್ರಾ?"

ಕಣ್ಣು ಮುಚ್ಚಿ ಎಣಿಸಿದೆ. ಮೂವರಿದ್ದರು. ಕೊನೆಯವನು ಬಿಸಿಲಿನಲ್ಲಿ ಅವಸರವೇ ಇಲ್ಲದೆ ಇಳಿಯುತ್ತಿದ್ದ. ಅವನ ಕಾಲು ನೆಲಕ್ಕೆ ತಾಗುವವರೆಗೂ ಕಾದು, "ಹೂಂ" ಎಂದೆ.

ಬಸಣ್ಣ ಒತ್ತಿದರು. ನಾನು ಕಂಪ್ಯೂಟರಿನೊಳಗಿನ ತಂತಿ ಹರಿದೆ. ರೆಪ್ಪೆ ಬಡಿಯುವುದರೊಳಗೆ ರಿಲೇ ಕರೆಂಟು ಕಡಿಯಿತು.

ವರದಿಯಲ್ಲಿ ಪಾಸು ಎಂದು ಬರೆದೆ. ಮೂವರೂ ಕ್ಷೇಮವಾಗಿ ಇಳಿದರೆಂದು ಬರೆಯಲು ಅದರಲ್ಲಿ ಕಾಲಂ ಇರಲಿಲ್ಲ.